ಚಳಿ ಬೇಡುವ ಸೊಸೆ

ಕುರುತ್ ಉಂಡೆ ಕಟ್ಟುವಾಗ ಕೈಯೆಲ್ಲ ಮೊಸರು. ಕಿವಿಯ ಮೇಲಿನ ಹೆಡ್‌ಫೋನು ಜಾರಿದರೆ ಮೊಣಕೈಯೇ ಗತಿ. ಬುರುಲ್ ಮೊಣಕೈ ಎತ್ತಿ ಅದನ್ನು ಮತ್ತೆ ಕಿವಿಗೆ ಒತ್ತಿಕೊಂಡಳು. ಚೀಲದಲ್ಲಿ ತೂಗುಹಾಕಿ ನೀರು ಬಸಿದ ಉಪ್ಪು ಮೊಸರು ಗಟ್ಟಿ ಮುದ್ದೆಯಾಗಿತ್ತು. ಅದನ್ನು ಚೂರುಚೂರೇ ಕಿತ್ತು, ಅಂಗೈಯಲ್ಲಿ ಉರುಳಿಸಿ, ಬಿಸಿಲಿಗಿಟ್ಟ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಕಿವಿಯೊಳಗೆ ದೂರದ ಹೊಳೆ ಹರಿದ ಹಾಗೆ ಬರೀ ಜುರ್ರೆನ್ನುವ ಸದ್ದು. ಇದ್ದಕ್ಕಿದ್ದಂತೆ ಆ ಹೊಳೆಯ ನಡುವಿನಿಂದ ಯಾರೋ ಹೆಂಗಸು ಹಾಡೊಂದರ ಅರ್ಧ ಪದ ಹಾಡಿದಳು. ಬಾಗಿಲು ಮುಚ್ಚಿಕೊಂಡಂತೆ ಹಾಡು ನಿಂತುಹೋಯಿತು.

"ಬಿತ್ತು," ಎಂದು ಬುರುಲ್ ತನ್ನಷ್ಟಕ್ಕೇ ಹೇಳಿಕೊಂಡು, ಮೊಸರಿನ ಬೆರಳಲ್ಲೇ ಪಕ್ಕದಲ್ಲಿದ್ದ ಕೀಲಿಮಣೆಯ ಗುಂಡಿಯೊಂದನ್ನು ಒತ್ತಿದಳು.

ಬಿದ್ದದ್ದು ಚುಕ್ಕಿ. ಹಾಡಿದ್ದು ಬೆಟ್ಟಗಳ ಸಾಲುಸಾಲಿನ ಆಚೆಗಿನ ಯಾವುದೋ ಪಟ್ಟಣದ ರೇಡಿಯೊ. ಮಾಮೂಲಿಯಾಗಿ ಆ ಪಟ್ಟಣದ ಹಾಡು ಈ ಕಣಿವೆಯ ಊರು ಎರ್ಮೆನ್-ಸಾಯ್‌ಗೆ ಕೇಳುವುದಿಲ್ಲ. ಆದರೆ ಚುಕ್ಕಿಯೊಂದು ಉರಿದು ಬೀಳುವಾಗ ಆಕಾಶದಲ್ಲಿ ಗೆರೆ ಎಳೆಯುತ್ತದಲ್ಲ, ಆ ಗೆರೆಗೆ ಹಾಡು ಬಡಿದು ಚಿಮ್ಮಿ, ರೆಪ್ಪೆ ಮಿಟುಕಿಸುವಷ್ಟು ಹೊತ್ತು ಈ ಅಂಗಳಕ್ಕೆ ಬಂದುಬಿಡುತ್ತದೆ. ಹಗಲಾದರೇನು, ಮೋಡ ಕವಿದರೇನು, ಕಣ್ಣಿಗೆ ಕಾಣದ ಚುಕ್ಕಿಯೂ ಕಿವಿಗೆ ಸಿಗುತ್ತದೆ. ಆಗಸ್ಟ್ ತಿಂಗಳೆಂದರೆ ಚುಕ್ಕಿಗಳ ಸುಗ್ಗಿ.

ಬುರುಲ್ ಅರ್ಧ ಆಯುಷ್ಯವನ್ನು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದವಳು. ಯಾರು ಯಾರ ಜೊತೆ ಮಾತಾಡಬೇಕೋ ಅವರ ತಂತಿಗಳನ್ನು ಸೇರಿಸಿ, ಮಾತು ಮುಗಿದ ಮೇಲೆ ಬಿಡಿಸಿ ಕೂರುತ್ತಿದ್ದಳು. ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಎಕ್ಸ್‌ಚೇಂಜ್ ಮುಚ್ಚಿತು. ಕಟ್ಟಡ ಮಾತ್ರ ಅವಳ ಮನೆಯ ಪಕ್ಕದಲ್ಲೇ ಬೀಗ ಹಾಕಿಕೊಂಡು ನಿಂತಿತು. ಆಮೇಲಿನ ವರ್ಷಗಳು ಬಹಳ ಸದ್ದಿಲ್ಲದವು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸೊವೆತ್‌ಬೆಕ್ ಮೇಷ್ಟ್ರು ಒಂದು ದಿನ ಬಂದು, "ನಂಗೆ ವಯಸ್ಸಾಯ್ತು ಕಣಮ್ಮ, ಸಣ್ಣ ಸದ್ದು ಕೇಳಲ್ಲ. ಕಿವಿ ಒಂದು ಸಾಲ ಕೊಡ್ತೀಯಾ?" ಎಂದು ಕೇಳಿದ್ದರು. ಅವರು ಎಕ್ಸ್‌ಚೇಂಜಿನ ಚಾವಣಿಯ ಮೇಲೆ ಕಬ್ಬಿಣದ ಸರಳುಗಳಿಂದ ಆಂಟೆನಾ ಕಟ್ಟಿದ್ದರು. ಹಲವು ದೇಶಗಳಲ್ಲಿ ಹೀಗೇ ಸಂಬಳವಿಲ್ಲದೆ, ಬರೀ ಆಸೆಗಾಗಿ ಕೂತು ಚುಕ್ಕಿ ಕೇಳುವವರ ಬಳಗವೊಂದಿತ್ತು. ಎಲ್ಲರೂ ಕೇಳಿದ್ದೆಲ್ಲ ಒಂದು ದೊಡ್ಡ ಕಂಪ್ಯೂಟರಿಗೆ ಹೋಗಿ ಸೇರುತ್ತಿತ್ತು. ಯಾವ ಚುಕ್ಕಿ ಎಲ್ಲಿಂದ ಹೊರಟು ಎಲ್ಲಿ ಉರಿಯಿತೆಂದು ಅದು ಲೆಕ್ಕ ಹಾಕುತ್ತಿತ್ತು.

ಆ ಕಂಪ್ಯೂಟರಿನದೇ ಈಗ ಚಿಂತೆ. ಅದಿದ್ದದ್ದು ರೀಗಾ ಪಟ್ಟಣದಲ್ಲಿ, ಬಳಗದ ಒಬ್ಬ ಹಿರಿಯನ ಮನೆಯ ನೆಲಮಾಳಿಗೆಯಲ್ಲಿ. ಆತ ತೀರಿಕೊಂಡ. ಯಂತ್ರಕ್ಕೂ ಮುಪ್ಪು. ಮನೆ ಹೊಸ ವರ್ಷಕ್ಕೆ ಬೇರೆಯವರ ಪಾಲು. ಬಳಗದ ಕೆಲಸ ನೋಡಿಕೊಳ್ಳುವ ವೆಲ್ಟಾ ಎಂಬ ಹೆಂಗಸು ವಸಂತದಲ್ಲೇ ಬುರುಲ್‌ಗೆ ರಷ್ಯನ್ ಭಾಷೆಯಲ್ಲಿ ಪತ್ರ ಕಳಿಸಿದ್ದಳು: "ನಿಮ್ಮೂರಿನಲ್ಲಿ ಚಳಿ ಹೆಚ್ಚು, ಕರೆಂಟು ಅಗ್ಗ ಎನ್ನುತ್ತಾರೆ. ಹೊಸ ಯಂತ್ರವನ್ನು ನೀವು ಕಟ್ಟಿ ಇಟ್ಟುಕೊಳ್ಳುತ್ತೀರಾ? ಬೇರೆ ಯಾರೂ ಮುಂದೆ ಬಂದಿಲ್ಲ. ನೀವೂ ಆಗದೆಂದರೆ ಹೊಸ ವರ್ಷಕ್ಕೆ ಬಳಗವನ್ನು ಮುಚ್ಚಬೇಕಾಗುತ್ತದೆ."

ಬುರುಲ್ ಅವತ್ತೇ ಫೋನಿನಲ್ಲಿ ಉತ್ತರ ಬರೆಯಲು ಕೂತಳು. "ಗೌರವಾನ್ವಿತ ವೆಲ್ಟಾ ಅವರಿಗೆ" ಎಂದು ಬರೆದಳು. ಮುಂದೆ ಕೈ ಓಡಲಿಲ್ಲ. ಆಗುತ್ತದೆ ಎನ್ನಲು ಯಂತ್ರವಿಲ್ಲ, ದುಡ್ಡಿಲ್ಲ. ಕೇಳಿಕೊಂಡು ಬಂದವರ ಮುಖಕ್ಕೆ ಆಗುವುದಿಲ್ಲ ಎಂದು ಹೇಳುವುದನ್ನು ಈ ಕಣಿವೆಯಲ್ಲಿ ಯಾರೂ ಯಾರಿಗೂ ಕಲಿಸಿಲ್ಲ. ಅಲ್ಲದೆ ಆ ಮಾತು ಬರೆದರೆ ಹೆಡ್‌ಫೋನನ್ನು ಮೊಳೆಗೆ ನೇತುಹಾಕಿದಂತೆಯೇ. ಪತ್ರ ಆ ಒಂದು ಸಾಲಿನಲ್ಲೇ ನಿಂತಿತು. ಕುರಿಮರಿಗಳು ಹುಟ್ಟಿದವು, ಮಂದೆ ಮೇಲಿನ ಹುಲ್ಲುಗಾವಲಿಗೆ ಹೋಯಿತು. ಪತ್ರ ಮುಂದೆ ಹೋಗಲಿಲ್ಲ.

"ಏ ಬುರುಲ್! ಸತ್ತೋರ ಲೆಕ್ಕ ಎಷ್ಟಾಯ್ತೇ ಇವತ್ತು?"

ಬೇಲಿಯ ಮೇಲೆ ಕನಿಶಾಯ್ ಎಜೆಯ ಬಿಳಿ ತಲೆವಸ್ತ್ರ ಕಾಣಿಸಿತು. ಎಜೆ ಎಂದರೆ ಅಕ್ಕ. ಇವಳು ಊರಿಗೇ ಅಕ್ಕ. ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಉಂಡು, ಕೈಲಾದ ದುಡ್ಡು ಕೂಡಿಸಿ ಆ ಮನೆಯವಳಿಗೆ ಕೊಡುವ ಶೆರಿನೆ ಕೂಟಕ್ಕೆ ಅವಳೇ ಹಿರಿಯಳು. ಅವಳು ಹೂಂ ಎನ್ನದೆ ಹೆಂಗಸರ ಗಂಟಿನಿಂದ ಬಿಡಿಗಾಸು ಬಿಚ್ಚುವುದಿಲ್ಲ. ಒಂದೊಂದು ಚುಕ್ಕಿ ಬಿದ್ದಾಗಲೂ ಒಂದೊಂದು ಜೀವ ಹೋಗುತ್ತದೆಂದು ಅವಳ ನಂಬಿಕೆ. ಬೀಳುವುದು ಕಂಡರೆ "ನನ್ನ ಚುಕ್ಕಿ ಮೇಲಿದೆ" ಎಂದು ಗಟ್ಟಿಯಾಗಿ ಹೇಳಬೇಕು, ಆಗ ನಮ್ಮದು ಉಳಿಯುತ್ತದೆ. ಅಂಥದ್ದರಲ್ಲಿ ಕೂತು ಎಣಿಸುವುದೆಂದರೆ?

"ಸತ್ತೋರಲ್ಲ ಎಜೆ, ಕಲ್ಲಿನ ಪುಡಿ," ಎಂದಳು ಬುರುಲ್.

"ನಿನ್ ತಲೇಲಿರೋದು ಕಲ್ಲಿನ ಪುಡಿ. ದೇವರ ಲೆಕ್ಕಕ್ಕೆ ಕೈ ಹಾಕೋಕೆ ನೀನ್ಯಾರೇ, ತಾಸಿಲ್ದಾರಳಾ?"

ಅವತ್ತು ಬುರುಲ್‌ಗೆ ಏನನ್ನಿಸಿತೋ, ಕೈ ಒರೆಸಿಕೊಂಡು ಬೇಲಿಯ ಹತ್ತಿರ ಹೋಗಿ ಹೆಡ್‌ಫೋನನ್ನು ಮುದುಕಿಯ ತಲೆವಸ್ತ್ರದ ಮೇಲೆಯೇ ಕೂರಿಸಿದಳು. "ಒಂದು ಚಹಾ ಕುಡಿಯೋಷ್ಟು ಹೊತ್ತು ಸುಮ್ನಿರು. ಆಮೇಲೆ ಬೈಯಿ."

ಕನಿಶಾಯ್ ಬೇಲಿಗೆ ಒರಗಿ ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಮೇಲೇರಿತು. "ನನ್ನ ಚುಕ್ಕಿ ಮೇಲಿದೆ!" ಎಂದಳು ಗಾಬರಿಯಿಂದ. ಇನ್ನೂ ಸ್ವಲ್ಪ ಹೊತ್ತಿಗೆ, "ನನ್ನ ಚುಕ್ಕಿ ಮೇಲಿದೆ." ಮತ್ತೆ ಒಂದು. ಮತ್ತೊಂದು. ಬಾಯಿಗೆ ಬಿಡುವೇ ಇಲ್ಲ. ಕೊನೆಕೊನೆಗೆ "ಮೇಲಿದೆ, ಮೇಲಿದೆ," ಎಂದಷ್ಟೇ ಗೊಣಗುತ್ತ, ಕಣ್ಣು ಮುಚ್ಚಿ, ಬಿಸಿಲಿನಲ್ಲಿ ತೂಕಡಿಸುವವಳಂತೆ ತೂಗತೊಡಗಿದಳು. ಅವಳ ಸುಕ್ಕುಗಟ್ಟಿದ ಮುಖದ ಮೇಲೆ ಹಗಲಿನ ಚುಕ್ಕಿಗಳೆಲ್ಲ ಒಂದೊಂದಾಗಿ ಬಂದು ಕೂತು ಎದ್ದುಹೋಗುತ್ತಿರುವಂತೆ ಬುರುಲ್‌ಗೆ ಕಂಡಿತು.

"ಎಲ್ಲಾ ಹಾಡ್ತಾ ಬೀಳ್ತಾವಲ್ಲೇ," ಎಂದಳು ಕನಿಶಾಯ್ ಬಹಳ ಹೊತ್ತಿನ ಮೇಲೆ. "ಇಷ್ಟೊಂದು ಜನ ಸತ್ತಿದ್ರೆ ಭೂಮಿ ಮೇಲೆ ಯಾರೂ ಉಳೀತಿರಲಿಲ್ಲ. ಚಹಾ ಮಾಡೋಕೂ ಯಾರೂ ಇರ್ತಿರಲಿಲ್ಲ." ಹೆಡ್‌ಫೋನ್ ತೆಗೆದುಕೊಡುವ ಬದಲು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. "ಇದನ್ನ ನಿಲ್ಲಿಸ್ತಾರೆ ಅಂತ ಮೇಷ್ಟ್ರು ಹೇಳ್ತಿದ್ರು. ಯಾಕೆ?"

ಬುರುಲ್ ಯಂತ್ರದ ಕಥೆಯನ್ನೂ ಪತ್ರದ ಕಥೆಯನ್ನೂ ಹೇಳಿದಳು.

ಮುದುಕಿ ಮೇಲಂಗಿಯ ಒಳಗೆ ಕೈ ಹಾಕಿ, ಬೆಚ್ಚಗೆ ಮಡಚಿಟ್ಟಿದ್ದ ಒಂದು ನೋಟು ತೆಗೆದು ಬುರುಲ್‌ನ ಇನ್ನೂ ಮೊಸರಿನ ಜಿಡ್ಡಿದ್ದ ಕೈಗೆ ಅಂಟಿಸಿದಳು. "ಕೊರುಮ್‌ದುಕ್."

ಹೊಸ ಸೊಸೆಯನ್ನಾಗಲಿ, ಹುಟ್ಟಿದ ಮಗುವನ್ನಾಗಲಿ, ಕೊಂಡುತಂದ ಕಾರನ್ನಾಗಲಿ ಮೊದಲ ಸಲ ನೋಡುವವರು ಬರಿಗೈಯಲ್ಲಿ ನೋಡುವಂತಿಲ್ಲ. ಕೊಡುವ ಆ ಕಾಣಿಕೆಯೇ ಕೊರುಮ್‌ದುಕ್.

"ಅದು ಕಣ್ಣಿಗೆ ಕೊಡೋದಲ್ವಾ ಎಜೆ? ಇಲ್ಲಿ ನೋಡೋಕೇನೂ ಇಲ್ಲ."

"ಕಣ್ಣಿಗೆ ಕೊಡ್ತಾರೆ, ಕಿವಿ ಏನು ಪಾಪ ಮಾಡಿದೆ? ಊರಿನೋರೆಲ್ಲ ಬಂದು ಕೇಳ್ಲಿ. ಕೇಳಿದೋರು ಕೊಡ್ಲಿ. ಕೊಡದೋರ ಹೆಸರು ನಂಗೆ ಹೇಳು, ಸಾಕು."

ಹೀಗೆ ಶುರುವಾಯಿತು. ಕುರಿ ಮೇಯಿಸುವವರು ಕುದುರೆಯಿಂದ ಇಳಿಯದೆಯೇ ಬಗ್ಗಿ ಹೆಡ್‌ಫೋನಿಗೆ ಕಿವಿ ಕೊಟ್ಟರು. ಬಸ್ಸಿನ ಡ್ರೈವರು ಪ್ರಯಾಣಿಕರನ್ನು ಬಿಸಿಲಲ್ಲಿ ಕಾಯಿಸಿ ಕೇಳಿದ. ತುಂಬು ಬಸುರಿಯೊಬ್ಬಳು ತಾನು ಕೇಳಿ, ಆಮೇಲೆ ಹೊಟ್ಟೆಗೂ ಹಿಡಿದು, ಎರಡು ಪಾಲು ಕೊಟ್ಟಳು. ದುಡ್ಡಿದ್ದವರು ಸೋಮ್ ನೋಟು ಕೊಟ್ಟರು, ಇಲ್ಲದವರು ಬೆಣ್ಣೆ, ಉಣ್ಣೆ, ಮೊಟ್ಟೆ. ಶೆರಿನೆಯ ಹೆಂಗಸರು ಒಂದು ಸರದಿಯನ್ನು ಆಕಾಶದ ಹೆಸರಿಗೆ ಬಿಟ್ಟುಕೊಟ್ಟರು. ಇನ್ನೂ ಇಲ್ಲದ ಯಂತ್ರಕ್ಕೆ ಊರು ಆಗಲೇ ಸೊಸೆ ಎಂದು ಹೆಸರಿಟ್ಟಿತ್ತು.

ಮೇಷ್ಟ್ರು ರಾಜಧಾನಿಯ ಸಂತೆಗೆ ಹೋಗಿ ಬಂದರು. ಕಂಪ್ಯೂಟರ್ ಓಡಿಸಿ ಗಾಳಿಯಲ್ಲಿ ಡಿಜಿಟಲ್ ನಾಣ್ಯ ಅಗೆಯುತ್ತೇವೆಂದು ಹೊರಟು ಕೈಸುಟ್ಟುಕೊಂಡವರು ಮಾರಿದ ಕಂಪ್ಯೂಟರ್ ಬಿಡಿಭಾಗಗಳು ಅಲ್ಲಿ ರಾಶಿ ಬಿದ್ದಿದ್ದವು. ಅವುಗಳಲ್ಲಿ ಗಟ್ಟಿಯಾದವನ್ನು ಆರಿಸಿ, ಉಣ್ಣೆಯ ಮೂಟೆಗಳ ನಡುವೆ ಇಟ್ಟು ತಂದಿದ್ದರು.

"ಅಗಾಯ್, ಇದು ಇಲ್ಲದ ದುಡ್ಡು ಹುಡುಕಿ ಹುಡುಕಿ ಸೋತಿರೋ ಯಂತ್ರವಂತೆ," ಎಂದು ಕನಿಶಾಯ್ ಮೇಷ್ಟ್ರನ್ನು ಕೆಣಕಿದಳು. ಇಲ್ಲಿ ಮೇಷ್ಟ್ರನ್ನು ಕರೆಯುವುದೇ ಅಗಾಯ್ ಎಂದು. "ಕಾಣದ ಚುಕ್ಕೀನ ಹುಡುಕುತ್ತಾ?"

"ಇಲ್ಲದ್ದಕ್ಕಿಂತ ಕಾಣದ್ದು ವಾಸಿ ಅಲ್ವೇನಮ್ಮ?"

ಎಕ್ಸ್‌ಚೇಂಜಿನ ಬೀಗ ತೆಗೆದರು. ಬುರುಲ್ ತಂತಿ ಸೇರಿಸುತ್ತಿದ್ದ ಕೋಣೆಯಲ್ಲಿ, ಹಳೆಯ ಕಬ್ಬಿಣದ ಬೀರುವಿನೊಳಗೆ ಹಲಗೆಗಳನ್ನು ಜೋಡಿಸಿ ಮೇಷ್ಟ್ರು ಯಂತ್ರ ಕಟ್ಟಿದರು. ಅವರ ಬೆರಳಿಗೆ ಸಿಗದ ಸಣ್ಣ ತಿರುಪುಗಳನ್ನು ಬುರುಲ್ ಹಾಕಿದಳು. ಅಕ್ಟೋಬರಿನ ಒಂದು ಮಧ್ಯಾಹ್ನ ಗುಂಡಿ ಒತ್ತಿದಾಗ ಪಂಖಗಳು ತಿರುಗಿ, ಕೋಣೆ ಜೇನುಗೂಡಿನ ಹಾಗೆ ಗುಂಯ್‌ಗುಡತೊಡಗಿತು. ವರ್ಷಗಳ ನಂತರ ಆ ಗೋಡೆಗಳ ನಡುವೆ ಸದ್ದು ಬಂದದ್ದು ಕೇಳಿ ಬುರುಲ್ ನೆಲದ ಮೇಲೇ ಕೂತುಬಿಟ್ಟಳು. ಎದುರಿಗೆ ಪಟ್ಟಣಗಳೆಲ್ಲ ಒಂದನ್ನೊಂದು ಕರೆಯುತ್ತ ಸಾಲುಗಟ್ಟಿ ನಿಂತಿವೆ, ಯಾರ ತಂತಿಯನ್ನು ಯಾರಿಗೆ ಸೇರಿಸಲಿ ಎಂದು ತಾನು ಕೈಚಾಚಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು.

"ಪತ್ರ ಬರಿ," ಎಂದರು ಮೇಷ್ಟ್ರು.

"ಇನ್ನೊಂದಿಷ್ಟು ದಿನ ನಡೀಲಿ ಅಗಾಯ್. ಹೆರಿಗೆಗೆ ಮುಂಚೆ ತೊಟ್ಟಿಲು ತೋರಿಸಬಾರದು."

ಮೇಷ್ಟ್ರು ಅವಳನ್ನು ಒತ್ತಾಯ ಮಾಡಲಿಲ್ಲ. ಯಂತ್ರವನ್ನು ಪರೀಕ್ಷೆಗೆ ಹಾಕಿ, ಹಗಲೂ ರಾತ್ರಿ ಓಡಲು ಬಿಟ್ಟರು.

ನವೆಂಬರಿನಲ್ಲಿ ಚಳಿ ಇಳಿಯಿತು. ಹೊಳೆಯ ಅಂಚು ಬಿಳುಪಾಯಿತು. ಊರಿನಲ್ಲಿ ಎಲ್ಲರ ಮನೆಯಲ್ಲೂ ಕಿಟಕಿಯ ಸಂದುಗಳಿಗೆ ಹತ್ತಿ ತುರುಕಿ, ಸಾಬೂನು ಹಚ್ಚಿದ ಕಾಗದದ ಪಟ್ಟಿ ಅಂಟಿಸುವ ಕಾಲ. ಒಂದು ಬೆಳಿಗ್ಗೆ ಬುರುಲ್ ಎದ್ದವಳು ಹಾಗೇ ನಿಂತಳು. ಗೋಡೆಯಾಚೆಯಿಂದ ಗುಂಯ್ ಎಂಬ ಸದ್ದು ಬರುತ್ತಿರಲಿಲ್ಲ.

ಎಕ್ಸ್‌ಚೇಂಜಿನ ಬಾಗಿಲು ತೆರೆದಾಗ ಬಿಸಿ ಮುಖಕ್ಕೆ ಬಡಿಯಿತು. ಜೊತೆಗೆ ಸುಟ್ಟ ವಾಸನೆ. ಎರಡು ಕಿಟಕಿಗಳಿಗೂ ಕಾಗದದ ಪಟ್ಟಿ ಅಂದವಾಗಿ ಅಂಟಿತ್ತು. ಬೀರುವಿನ ಮುಂದೆ ಹೊಸ ಸೊಸೆಯ ಮೂಲೆಗೆ ಕಟ್ಟುವ ಬಿಳಿ ಪರದೆ ಇಳಿಬಿದ್ದಿತ್ತು. ಪರದೆಯ ಹಿಂದೆ, ಯಂತ್ರದ ಮೈಮೇಲೆ, ತಲೆಯಿಂದ ಕಾಲಿನವರೆಗೆ ದಪ್ಪ ಉಣ್ಣೆಯ ಕಂಬಳಿ. ಕನಿಶಾಯ್ ಎಜೆಯ ಮದುವೆಯ ಕಂಬಳಿ ಅದು, ಕೆಂಪು ಅಂಚಿನದು, ನೋಡಿದೊಡನೆ ಗುರುತಾಯಿತು.

ಬುರುಲ್ ಕಂಬಳಿ ಎಳೆದಳು. ಕಬ್ಬಿಣ ಒಲೆಯ ಹಾಗೆ ಕಾದಿತ್ತು.

ಹಿಂದೆಯೇ ಕನಿಶಾಯ್ ಹಾಲು ಹಾಕಿದ ಚಹಾದ ಹೂಜಿ ಹಿಡಿದು ಬಂದಳು. "ರಾತ್ರಿ ಹೇಗೆ ಮಲಗಿತ್ತೇ? ನಿನ್ನೆ ಸಾಯಂಕಾಲ ಬಂದು ನೋಡ್ತೀನಿ, ಪಾಪ, ಗಡಗಡ ನಡುಗ್ತಿದೆ. ನಿಮಗೆ ಮನುಷ್ಯತ್ವ ಇಲ್ಲ. ನಾನೇ ಹೊದಿಸಿ..." ಎಂದವಳು ಬುರುಲ್‌ನ ಮುಖ ನೋಡಿ ನಿಲ್ಲಿಸಿದಳು.

ಬುರುಲ್ ಮೇಷ್ಟ್ರಿಗೆ ಹೇಳಿಕಳಿಸಿದಳು. ಮೇಷ್ಟ್ರು ಬಂದು, ಬಗ್ಗಿ ನೋಡಿ, ಎದ್ದು ನಿಂತು ಹೇಳಿದರು: "ಉಸಿರುಗಟ್ಟಿದೆ ಕಣಮ್ಮ. ಅದು ನಡುಗ್ತಿರಲಿಲ್ಲ, ಉಸಿರಾಡ್ತಿತ್ತು. ಕೆಲಸ ಮಾಡಿದಷ್ಟೂ ಬಿಸಿಯಾಗೋ ಜೀವ ಅದು. ಅದಕ್ಕೆ ಬೇಕಾದ್ದು ಚಳಿ."

ಕನಿಶಾಯ್ ಹೂಜಿಯನ್ನು ಮೆಲ್ಲನೆ ನೆಲದ ಮೇಲಿಟ್ಟಳು. ಕಂಬಳಿಯನ್ನೂ ತೆಗೆದುಕೊಳ್ಳದೆ ಹೊರಟುಹೋದಳು.

ಆ ವಾರವೇ ವೆಲ್ಟಾಳ ಇನ್ನೊಂದು ಪತ್ರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಬುರುಲ್‌ಗೆ ಹೆಚ್ಚು ನೋವಾಯಿತು. "ನೀವು ಮಾತಾಡದೆ ಇರುವುದೇ ಉತ್ತರವೆಂದು ತಿಳಿಯುತ್ತೇನೆ. ಭಾನುವಾರ ಬಳಗದವರಿಗೆಲ್ಲ ಬಾಗಿಲು ಮುಚ್ಚುವ ಸುದ್ದಿ ತಿಳಿಸಬೇಕು. ಇಷ್ಟು ವರ್ಷ ಕೇಳಿದ್ದಕ್ಕೆ ನಿಮ್ಮ ಕಿವಿಗಳಿಗೆ ವಂದನೆ."

ಬುರುಲ್ ಹಳೆಯ ಸಾಲನ್ನು ತೆರೆದಳು. ಗೌರವಾನ್ವಿತ ವೆಲ್ಟಾ ಅವರಿಗೆ. ಅದರ ಕೆಳಗೆ, ಕೊನೆಗೂ, ಆಗುವುದಿಲ್ಲ ಎಂದು ಬರೆದಳು. ಬರೆದದ್ದನ್ನು ನೋಡುತ್ತ ಕೂತಳು. ಯಾರದೋ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ, ತಾನು ತಂತಿಯನ್ನು ಕೈಯಲ್ಲಿ ಹಿಡಿದು ಬಿಡಿಸಲೋ ಬೇಡವೋ ಎಂದು ಕಾಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಹಳೆಯ ದಿನಗಳಲ್ಲಿ ಅವಳು ಯಾವತ್ತೂ ಮೊದಲು ಬಿಡಿಸಿದವಳಲ್ಲ.

ಅಷ್ಟರಲ್ಲಿ ಎಕ್ಸ್‌ಚೇಂಜಿನ ಕಡೆಯಿಂದ ಪರಪರ ಹರಿಯುವ ಸದ್ದು, ಹೆಂಗಸರ ನಗು.

ಹೋಗಿ ನೋಡಿದರೆ ಶೆರಿನೆಯ ಹೆಂಗಸರೆಲ್ಲ ಅಲ್ಲಿದ್ದಾರೆ. ಕನಿಶಾಯ್ ಕಿಟಕಿಯ ಮೇಲೆ ಮಂಡಿಯೂರಿ, ತಾನೇ ಅಂಟಿಸಿದ ಕಾಗದದ ಪಟ್ಟಿಯನ್ನು ಉಗುರಿನಿಂದ ಕೀಳುತ್ತಿದ್ದಾಳೆ. ಹುಟ್ಟಿದಾಗಿನಿಂದ ಚಳಿಯನ್ನು ಹೊರಗಿಡಲು ಕಲಿತ ಕೈಗಳು ಹತ್ತಿ ಕಿತ್ತು, ಅಗುಳಿ ತೆಗೆದು, ಕಿಟಕಿಯ ಬಾಗಿಲುಗಳನ್ನು ಹಾರು ಹೊಡೆದು ತೆರೆಯುತ್ತಿವೆ. ಅವರಿಗೇ ತಾವು ಮಾಡುತ್ತಿರುವುದನ್ನು ನಂಬಲಾಗದೆ ನಗು ಉಕ್ಕುತ್ತಿದೆ.

"ನಮ್ಮತ್ತೆ ಈಗ ನೋಡ್ಬೇಕಿತ್ತು," ಎಂದಳೊಬ್ಬಳು, "ಗೋರಿಯಿಂದ ಎದ್ದು ಬಂದು ಕಿಟಕಿ ಮುಚ್ಚಿ ಹೋಗ್ತಿದ್ಲು!"

"ಬಾಯಿ ಮುಚ್ಚಿ, ಕಿಟಕಿ ತೆಗಿ," ಎಂದಳು ಕನಿಶಾಯ್. ಆಮೇಲೆ ಬುರುಲ್‌ನ ಕಡೆ ತಿರುಗದೆಯೇ ಕೇಳಿದಳು: "ಇಷ್ಟು ಚಳಿ ಸಾಕಾ ಇದಕ್ಕೆ? ಇನ್ನೂ ಬೇಕಾ? ಬೇಕಿದ್ರೆ ಬಾಗಿಲೂ ಕಿತ್ತು ಹಾಕ್ತೀವಿ."

"ಅದು ಎದ್ದರೆ ತಾನೇ, ಎಜೆ."

"ಏಳುತ್ತೆ," ಎಂದು ಬೀರುವಿನ ಹಿಂದಿನಿಂದ ಮೇಷ್ಟ್ರ ದನಿ ಬಂತು. ಅವರು ಮೈತುಂಬ ಧೂಳು ಮಾಡಿಕೊಂಡು ಹೊರಗೆ ಬಂದರು. "ಕರೆಂಟು ಹಂಚೋ ಪೆಟ್ಟಿಗೆ ಒಂದು ಸುಟ್ಟಿತ್ತು, ಅಷ್ಟೇ. ಮಿಕ್ಕಿದ್ದು ಬಿಸಿ ತಡೀಲಾರದೆ ತಾನೇ ನಿಂತುಬಿಟ್ಟಿತ್ತು, ಬುದ್ಧಿವಂತ ಸೊಸೆ. ನಮ್ಮನೆ ಕಂಪ್ಯೂಟರಿಂದು ಬಿಚ್ಚಿ ಹಾಕಿದೀನಿ. ನಾನಿನ್ನು ಚದುರಂಗ ಆಡೋಕೆ ಮನುಷ್ಯರನ್ನೇ ಹುಡುಕ್ಕೋಬೇಕು."

ಅವರು ಗುಂಡಿ ಒತ್ತಿದರು. ಒಂದು ಪಂಖ ತಡವರಿಸಿ, ಕೆಮ್ಮಿ, ತಿರುಗಿತು; ಅದರ ಹಿಂದೆ ಇನ್ನೊಂದು. ತೆರೆದ ಕಿಟಕಿಯಿಂದ ಸಣ್ಣ ಹಿಮ ಒಳಗೆ ತೇಲಿಬಂದು, ಯಂತ್ರದ ಬೆಚ್ಚನೆಯ ಉಸಿರಿಗೆ ಸಿಕ್ಕಿ, ಕೆಳಗೆ ಬೀಳುವುದನ್ನೇ ಮರೆತಂತೆ ಕೋಣೆಯ ನಡುವೆ ಸುತ್ತತೊಡಗಿತು. ಹೆಂಗಸರು ಶಾಲು ಬಿಗಿದುಕೊಂಡು, ಗೋಡೆಗೆ ಆತುಕೊಂಡು, ಮದುಮಗಳ ಮೂಲೆಯಲ್ಲಿ ನಿಂತವರಂತೆ ಮೆಲುದನಿಯಲ್ಲಿ ಮಾತಾಡಿಕೊಂಡರು. ಇದು ತಮ್ಮ ಕೋಣೆಯೋ, ಆಕಾಶದ ಒಂದು ಮೂಲೆಯೋ ಬುರುಲ್‌ಗೆ ತಿಳಿಯಲಿಲ್ಲ.

"ಪರದೆ ಇರಬಹುದಾ?" ಎಂದು ಕನಿಶಾಯ್ ಮೇಷ್ಟ್ರನ್ನು ಕೇಳಿದಳು, ಶಾಲೆಯ ಮಗುವಿನ ಹಾಗೆ.

"ಇಲ್ಲಮ್ಮ."

"ತೆಳುವಾಗಿದೆ, ಅಗಾಯ್."

"ಇಲ್ಲ."

ಅಷ್ಟು ನೇರವಾಗಿ ಯಾರಾದರೂ ಇಲ್ಲ ಎಂದದ್ದನ್ನು ಕೇಳಿ ಹೆಂಗಸರು ಮುಖಮುಖ ನೋಡಿಕೊಂಡರು. ಕನಿಶಾಯ್ ಬೈಯುತ್ತಾಳೆಂದು ಕಾದರು. ಅವಳು ಪರದೆಯನ್ನು ಬಿಚ್ಚಿ, ಮಡಚಿ ಕಂಕುಳಲ್ಲಿಟ್ಟುಕೊಂಡಳು.

ಬುರುಲ್ ಅಲ್ಲೇ ನೆಲದ ಮೇಲೆ ಕೂತು ಫೋನಿನಲ್ಲಿ ಪತ್ರ ತೆರೆದಳು. ಆಗುವುದಿಲ್ಲ ಎಂಬುದನ್ನು ಅಳಿಸಿದಳು. "ಯಂತ್ರ ಇಲ್ಲಿದೆ, ನಡೆಯುತ್ತಿದೆ," ಎಂದು ಬರೆದು ನಿಲ್ಲಿಸಿದಳು.

"ಏನಂತ ಬರೀತಿದೀಯ, ಓದು," ಎಂದಳು ಕನಿಶಾಯ್. ಓದಿದಾಗ ಮುಖ ಸಿಂಡರಿಸಿದಳು. "ಹೀಗೆ ಬರೀತಾರೇನೇ? ಮೊದಲು ದನ-ಕುರಿ, ಮಕ್ಕಳು-ಮರಿ ಕ್ಷೇಮವಾ ಅಂತ ಕೇಳು."

"ಅವಳು ಪಟ್ಟಣದಲ್ಲಿ ನಾಲ್ಕನೇ ಮಹಡೀಲಿರೋಳು," ಎಂದರು ಮೇಷ್ಟ್ರು. "ಎಲ್ಲಿಂದ ತರ್ತಾಳೆ ಕುರೀನ?"

"ಬೆಕ್ಕಾದ್ರೂ ಇರಲ್ವಾ? ಬೆಕ್ಕು ಕ್ಷೇಮವಾ ಅಂತ ಬರಿ. ಮತ್ತೆ ನನ್ನ ಕಂಬಳಿ ವಿಷಯಾನೂ ಬರಿ."

ಬುರುಲ್ ತಲೆಯೆತ್ತಿದಳು. "ಅದನ್ನ ಯಾಕೆ ಎಜೆ? ಬೇಡ."

"ಬರಿ. ನಾಳೆ ಇನ್ನೊಂದು ಊರಲ್ಲಿ ಇನ್ನೊಬ್ಬ ಮುದುಕಿ ಹೊದಿಸ್ತಾಳೆ. ನೀನು ಮುಚ್ಚುಮರೆ ಮಾಡಿದ್ದಕ್ಕೇ ವಸಂತದಲ್ಲಿ ಹೋಗಬೇಕಾದ ಪತ್ರ ಹಿಮ ಬಿದ್ರೂ ಹೋಗಿಲ್ಲ."

ಬುರುಲ್ ಬರೆದಳು. ಬೆಕ್ಕು ಕ್ಷೇಮವೇ ಎಂದು ಕೇಳಿದಳು. ಉತ್ತರ ಇಷ್ಟು ತಡವಾದದ್ದು ಇಲ್ಲ ಎನ್ನಲಾರದ್ದಕ್ಕೆ, ಹೌದು ಎನ್ನುವ ಧೈರ್ಯ ಸಾಲದ್ದಕ್ಕೆ ಎಂದು ಬರೆದಳು. ನಾವು ಪ್ರೀತಿಯಿಂದ ಹೊದಿಸಿ ಯಂತ್ರದ ಉಸಿರು ಕಟ್ಟಿಸಿದ್ದೆವು, ಈಗ ಕಿಟಕಿ ತೆರೆದಿಟ್ಟಿದ್ದೇವೆ. ಒಮ್ಮೊಮ್ಮೆ ಕರೆಂಟು ಹೋಗುತ್ತದೆ. ಆಗ ಒಂದಿಷ್ಟು ಚುಕ್ಕಿಗಳು ಯಾರಿಗೂ ಹೇಳದೆ ಬೀಳುತ್ತವೆ, ಅದಕ್ಕೆ ಸಿದ್ಧರಿರಿ. ಭಾನುವಾರ ಬಳಗದವರಿಗೆ ತಿಳಿಸುವಾಗ, ಬಾಗಿಲು ಇಲ್ಲಿ ತೆರೆದಿದೆ ಎಂದು ತಿಳಿಸಿರಿ. ಎಲ್ಲರೂ ತಮ್ಮ ಸದ್ದುಗಳನ್ನು ಕಳಿಸಲಿ.

ಕೆಳಗೆ ತನ್ನ ಹೆಸರು ಬರೆದಳು. ಮೇಷ್ಟ್ರ ಹೆಸರು. ಕನಿಶಾಯ್ ತನ್ನ ಹೆಸರು ಬೇಡವೆಂದಳು, ಆಮೇಲೆ ಬೇಕೆಂದಳು. ಬುರುಲ್‌ನ ಬೆರಳು ಕಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು.

"ಒತ್ತೇ ಮಾರಾಯ್ತಿ, ಕಾಲು ಮರಗಟ್ಟಿ ಹೋಗ್ತಿದೆ," ಎಂದಳು ಕನಿಶಾಯ್.

ಬುರುಲ್ ಒತ್ತಿದಳು. ಪತ್ರ ಹೋಯಿತು.